ನಿಮಗಿದು ಗೊತ್ತೇ? ಬೈಕಿನ ಹಿಂಬದಿಗೆ ಕಾರಿನ ಟೈರೂ ಹಾಕ್ತಾರೆ!

ಮುಂದಿನ ಚಕ್ರಕ್ಕೆ ಬೈಕಿನ ಟೈರು. ಹಿಂದಿನ ಚಕ್ರಕ್ಕೆ ಕಾರಿನ ಟೈರು! ತಮಾಷೆಯಲ್ಲ. ಅಮೆರಿಕದಲ್ಲಿ ಹೀಗೆ ಓಡಾಡುವವರು ಒಬ್ಬಿಬ್ಬರಲ್ಲ, ಅವರದೇ ಒಂದು ಪಂಗಡವೇ ಇದೆ.

ಆ ಪಂಗಡಕ್ಕೆ ಹೆಸರೂ ಇದೆ. ‘ಡಾರ್ಕ್‌ಸೈಡರ್ಸ್’! ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಒಳ್ಳೆಯವರು ಕತ್ತಲ ಶಕ್ತಿಯ ಕಡೆಗೆ ಜಾರಿಬಿಡುತ್ತಾರಲ್ಲ, ಅಲ್ಲಿಂದ ಎತ್ತಿಕೊಂಡಿದ್ದು. ಉಳಿದ ಬೈಕ್ ಸವಾರರು ಬೈದಷ್ಟೂ ಇವರಿಗೆ ಖುಷಿ.

ಯಾವ ಬೈಕಿಗೆ ಈ ಹುಚ್ಚು ಜಾಸ್ತಿ ಗೊತ್ತೇ? ಹೋಂಡಾ ಗೋಲ್ಡ್‌ವಿಂಗ್‌ಗೆ! ದೂರದ ಪ್ರಯಾಣಕ್ಕೆಂದೇ ಹುಟ್ಟಿದ ಆನೆಗಾತ್ರದ ಬೈಕ್. 2001ರಲ್ಲಿ ಬಂದ ಮಾದರಿಯ ಎಂಜಿನ್ 1832 ಸಿಸಿ, ಆರು ಸಿಲಿಂಡರ್. ನಮ್ಮ ಆಲ್ಟೊ 800 ಕಾರಿನದು 796 ಸಿಸಿ. ಎರಡು ಆಲ್ಟೊಗಳ ಎಂಜಿನ್ ಕೂಡಿಸಿದರೂ ಈ ಒಂದು ಬೈಕಿಗೆ ಸಾಟಿಯಾಗುವುದಿಲ್ಲ!

ತೂಕ? ಪೆಟ್ರೋಲ್ ತುಂಬಿಸಿ ನಿಲ್ಲಿಸಿದರೆ 400 ಕಿಲೋ ದಾಟುತ್ತದೆ. ಮೂರು ಸ್ಪ್ಲೆಂಡರ್ ಬೈಕುಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದರೂ ಇದೇ ಭಾರ!

ಇಷ್ಟು ಭಾರದ ಬೈಕನ್ನು ಪಾರ್ಕಿಂಗ್‌ನಿಂದ ಹಿಂದಕ್ಕೆ ತಳ್ಳುವವರು ಯಾರು? ಯಾರೂ ಬೇಡ. ಅದಕ್ಕೆ ರಿವರ್ಸ್ ಇದೆ! ಎಂಜಿನ್ ಸ್ಟಾರ್ಟ್ ಮಾಡುವ ಅದೇ ಪುಟ್ಟ ಮೋಟಾರು ಬೈಕನ್ನು ಮೆಲ್ಲಗೆ ಹಿಂದಕ್ಕೂ ಎಳೆಯುತ್ತದೆ. 2006ರಲ್ಲಿ ಇದಕ್ಕೆ ಏರ್‌ಬ್ಯಾಗ್ ಕೂಡ ಬಂತು. ಮಾರಾಟಕ್ಕೆ ಬಂದ ಬೈಕುಗಳಲ್ಲಿ ಅದೇ ಮೊದಲು. ಕಾರಿನದೆಲ್ಲ ಬಂದ ಮೇಲೆ ಟೈರೊಂದು ಯಾಕೆ ಬೇಡ ಅಂದುಕೊಂಡರೋ ಏನೋ!

ಈಗ ನಿಜವಾದ ಮಜಾ ಕೇಳಿ. 2001ರ ಮಾದರಿಯ ಗೋಲ್ಡ್‌ವಿಂಗ್‌ನ ಹಿಂದಿನ ಟೈರಿನ ಅಳತೆ 180/60, ರಿಮ್ 16 ಇಂಚು. ಡಾರ್ಕ್‌ಸೈಡರ್‌ಗಳು ಹುಡುಕಿಕೊಂಡಿದ್ದು 195/55, 16 ಇಂಚಿನ ಕಾರ್ ಟೈರು. ಲೆಕ್ಕ ಹಾಕಿ ನೋಡೋಣ. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಬೈಕಿನ ಟೈರಿನ ಎತ್ತರ 622.4 ಮಿಲಿಮೀಟರ್. ಕಾರಿನದು 620.9. ವ್ಯತ್ಯಾಸ ಬರೀ ಒಂದೂವರೆ ಮಿಲಿಮೀಟರ್! ಸ್ಪೀಡೋಮೀಟರಿಗೂ ಟೈರು ಬದಲಾಗಿದ್ದು ಗೊತ್ತಾಗುವುದಿಲ್ಲ. ಯಾವ ಎಂಜಿನಿಯರೂ ಇದನ್ನು ಕೂತು ಹೊಂದಿಸಿದ್ದಲ್ಲ, ಸುಮ್ಮನೆ ಕೂಡಿಬಂದಿದ್ದು!

ಅಗಲ ಮಾತ್ರ 15 ಮಿಲಿಮೀಟರ್ ಜಾಸ್ತಿ. ಪಕ್ಕದಲ್ಲಿ ಉಜ್ಜುವುದಿಲ್ಲವೇ? ಬೇರೆ ಬೈಕಾಗಿದ್ದರೆ ಚೈನಿಗೋ ಬೆಲ್ಟಿಗೋ ತಾಗಿ ಗಲಾಟೆಯಾಗುತ್ತಿತ್ತು. ಗೋಲ್ಡ್‌ವಿಂಗ್‌ಗೆ ಚೈನೇ ಇಲ್ಲ, ಶಾಫ್ಟ್! ಹಿಂದಿನ ಚಕ್ರವನ್ನು ಹಿಡಿದಿರುವ ತೋಳು ಕೂಡ ಒಂದೇ ಕಡೆ. ಇನ್ನೊಂದು ಪಕ್ಕ ಬಟಾಬಯಲು.

ಟೈರಿನ ಪಕ್ಕದಲ್ಲಿ ಅಳತೆಯ ನಂತರ ಒಂದು ಅಂಕಿ ಇರುತ್ತದೆ, ಎಂದಾದರೂ ನೋಡಿದ್ದೀರಾ? ಆ ಟೈರು ಎಷ್ಟು ಭಾರ ಹೊರಬಲ್ಲದು ಎನ್ನುವ ಗುಟ್ಟು ಅದರಲ್ಲಿದೆ. ಗೋಲ್ಡ್‌ವಿಂಗ್‌ನ ಮೂಲ ಟೈರಿನ ಮೇಲೆ 74 ಎಂದಿದೆ. ಅಂದರೆ 375 ಕಿಲೋ. ಅದರ ಜಾಗಕ್ಕೆ ಬರುವ ಕಾರ್ ಟೈರಿನ ಮೇಲೆ 87. ಅಂದರೆ 545 ಕಿಲೋ! ಗಂಡ, ಹೆಂಡತಿ, ಮೂರು ಪೆಟ್ಟಿಗೆ ಲಗೇಜು ಹೇರಿಕೊಂಡು ಹೋಗುವವರು ಈ 170 ಕಿಲೋ ಲಾಭವನ್ನು ಬಾಯಿತುಂಬ ಹೇಳಿಕೊಳ್ಳುತ್ತಾರೆ.

ಆದರೆ ಅಸಲಿ ಆಸೆ ಬೇರೆ. ಆಯಸ್ಸು! ಭಾರಿ ಬೈಕಿನ ಹಿಂದಿನ ಟೈರು 15-20 ಸಾವಿರ ಕಿಲೋಮೀಟರ್ ಬಂದರೆ ಪುಣ್ಯ. ಕಾರಿನ ಟೈರು 40-50 ಸಾವಿರ ಸಲೀಸಾಗಿ ಓಡುತ್ತದೆ. ಬೆಲೆಯೂ ಎಷ್ಟೋ ಸಲ ಬೈಕಿನ ಟೈರಿಗಿಂತ ಕಡಿಮೆ. ಪುಟ್ಟ ಟೈರು ದುಬಾರಿ, ದೊಡ್ಡದು ಅಗ್ಗ. ಎಲ್ಲಿಯ ನ್ಯಾಯ!

ಭಾರತದಲ್ಲಿ ಗೋಲ್ಡ್‌ವಿಂಗ್‌ನ ಬೆಲೆ ಎಷ್ಟು ಗೊತ್ತೇ? 40 ಲಕ್ಷ ರೂಪಾಯಿ ಆಸುಪಾಸು. ಅಂಥ ಬೈಕಿನ ಮಾಲೀಕರು ಟೈರಿನಲ್ಲಿ ಕಾಸು ಉಳಿಸಲು ಹೊರಟಿದ್ದಾರೆ ಅಂದರೆ ನಗು ಬರುತ್ತದೆ. ನಗಬೇಡಿ, ಅವರು ಓಡಿಸುವ ದೂರ ನೋಡಿ!

ಅಮೆರಿಕದಲ್ಲಿ ‘ಐರನ್ ಬಟ್ ರ‍್ಯಾಲಿ’ ಎಂದು ಒಂದಿದೆ. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 11 ದಿನದಲ್ಲಿ ಹೆಚ್ಚುಕಡಿಮೆ 11,000 ಮೈಲಿ. ನಮ್ಮ ಲೆಕ್ಕಕ್ಕೆ 17,700 ಕಿಲೋಮೀಟರ್! ಶ್ರೀನಗರದಿಂದ ಕನ್ಯಾಕುಮಾರಿಗೆ ನಾಲ್ಕು ಸಲ ಓಡಿದರೂ ಅಷ್ಟಾಗುವುದಿಲ್ಲ. ಒಂದೇ ರ‍್ಯಾಲಿಗೆ ಒಂದು ಹೊಸ ಟೈರು ಸವೆದು ನುಣ್ಣಗಾಯಿತು ಅಂತಲೇ ಲೆಕ್ಕ.

ಆ ರ‍್ಯಾಲಿ ನಡೆಸುವ ಸಂಘದ್ದೇ ಆದ ‘ಸ್ಯಾಡಲ್‌ಸೋರ್’ ಸವಾಲನ್ನು ಭಾರತದ ಸವಾರರೂ ಮಾಡುತ್ತಾರೆ. 24 ಗಂಟೆಯೊಳಗೆ 1,600 ಕಿಲೋಮೀಟರ್! ಹೆಸರಿನ ಅರ್ಥ ಕೇಳಬೇಡಿ, ಸೀಟಿನ ಮೇಲೆ ಒಂದು ದಿನ ಕೂತರೆ ತಾನಾಗಿ ತಿಳಿಯುತ್ತದೆ.

ಕಾರಿನ ಟೈರು ಎಷ್ಟು ಬಾಳುತ್ತದೆ ಎಂದು ಅಮೆರಿಕದಲ್ಲಿ ಅಳೆಯುವ ಬಗೆಯೇ ವಿಚಿತ್ರ. ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಊರಿನ ಸುತ್ತ 400 ಮೈಲಿಯ ಒಂದು ದಾರಿ ಇದೆ. ಪರೀಕ್ಷೆಯ ಟೈರು ಹಾಕಿದ ಗಾಡಿಗಳು ಮೆರವಣಿಗೆ ಹೊರಟು ಅದೇ ದಾರಿಯಲ್ಲಿ ಸುತ್ತಿ ಸುತ್ತಿ 7,200 ಮೈಲಿ ಓಡುತ್ತವೆ. ಜೊತೆಯಲ್ಲಿ ಓಡುವ ಅಳತೆಯ ಟೈರಿಗೆ 100 ಅಂಕ. ಅದರ ಮೂರು ಪಟ್ಟು ಬಾಳುವಂತೆ ಕಂಡರೆ 300!

ಬೈಕಿನ ಟೈರಿಗೆ ಎಷ್ಟು ಅಂಕ? ಸೊನ್ನೆಯೂ ಇಲ್ಲ! ಈ ಪರೀಕ್ಷೆ ಬೈಕಿನ ಟೈರಿಗೆ ಅನ್ವಯಿಸುವುದೇ ಇಲ್ಲ.

ಸರಿ, ಕಾರಿನ ಟೈರು ಬೈಕಿನ ಟೈರಿಗಿಂತ ಹೇಗೆ ಬೇರೆ? ಬೈಕಿನ ಟೈರಿನ ಬೆನ್ನು ಗುಂಡಗೆ. ಕಾರಿನದು ರೊಟ್ಟಿ ಬಡಿಯುವ ಮಣೆಯಂತೆ ಚಪ್ಪಟೆ. ಬೈಕು ತಿರುವಿನಲ್ಲಿ ವಾಲಬೇಕು, ವಾಲಿದರೂ ಟೈರು ನೆಲ ಕಚ್ಚಿರಬೇಕು. ಅದಕ್ಕೇ ಗುಂಡಗೆ. ಕಾರು ವಾಲುವುದಿಲ್ಲ, ಅದಕ್ಕೆ ಗುಂಡಗಿನ ಹಂಗಿಲ್ಲ.

ಆದರೆ ಇಲ್ಲೊಂದು ಚೋದ್ಯ ನೋಡಿ. ನೇರ ಹೆದ್ದಾರಿಯಲ್ಲೇ ಓಡುವ ಬೈಕಿನ ಹಿಂದಿನ ಟೈರನ್ನು ಎಂದಾದರೂ ಹತ್ತಿರದಿಂದ ಗಮನಿಸಿದ್ದೀರಾ? ನಡುವೆ ಮಾತ್ರ ಸವೆದು ಸವೆದು ಅದೂ ಚಪ್ಪಟೆಯಾಗುತ್ತದೆ. ‘ನಿಮ್ಮದು ಹೇಗೂ ಚಪ್ಪಟೆಯಾಗುತ್ತೆ, ನಮ್ಮದು ಮೊದಲೇ ಚಪ್ಪಟೆ’ ಎಂಬುದು ಡಾರ್ಕ್‌ಸೈಡರ್‌ಗಳ ವಾದ. ಈ ವಾದಕ್ಕೆ ನಾನಂತೂ ಅರ್ಧ ಅಂಕ ಕೊಡುತ್ತೇನೆ!

ಬೈಕನ್ನು ಎಡಕ್ಕೆ ತಿರುಗಿಸಲು ಹ್ಯಾಂಡಲನ್ನು ಯಾವ ಕಡೆ ತಿರುಗಿಸಬೇಕು? ಎಡಕ್ಕೆ ಅಂದಿರಾ? ತಪ್ಪು! ವೇಗದಲ್ಲಿರುವಾಗ ಮೊದಲು ತುಸು ಬಲಕ್ಕೆ ತಿರುಗಿಸಬೇಕು. ಆಗ ಬೈಕು ಎಡಕ್ಕೆ ವಾಲುತ್ತದೆ, ಆಮೇಲೆ ಎಡಕ್ಕೆ ಹೋಗುತ್ತದೆ. ನೀವು ದಿನಾ ಮಾಡುತ್ತೀರಿ, ಮಾಡುತ್ತಿದ್ದೀರೆಂದು ನಿಮಗೇ ಗೊತ್ತಿಲ್ಲ!

ಇದನ್ನು ಗಮನಿಸಿದವರಲ್ಲಿ ಒಬ್ಬ ಯಾರು ಗೊತ್ತೇ? ವಿಮಾನ ಹಾರಿಸಿದ ವಿಲ್ಬರ್ ರೈಟ್! ರೈಟ್ ಸಹೋದರರದು ಸೈಕಲ್ ಅಂಗಡಿ ತಾನೇ. ಎಡಕ್ಕೆ ತಿರುಗಲು ಮೊದಲು ಏನು ಮಾಡುತ್ತೀರಿ ಎಂದು ಆತ ಎಷ್ಟೋ ಸೈಕಲ್ ಸವಾರರನ್ನು ಕೇಳಿದನಂತೆ. ಹ್ಯಾಂಡಲನ್ನು ಮೊದಲು ಬಲಕ್ಕೆ ಒತ್ತುತ್ತೇವೆ ಎಂದು ಒಬ್ಬನೂ ಹೇಳಲಿಲ್ಲವಂತೆ!

ಈಗ ಈ ವಾಲುವ ಯಂತ್ರಕ್ಕೆ ಚಪ್ಪಟೆ ಟೈರು ಹಾಕಿ. ಅದಕ್ಕೆ ನೆಟ್ಟಗೆ ನಿಲ್ಲುವುದೇ ಇಷ್ಟ. ವಾಲಿಸಿದರೆ ಮೊಂಡಾಟ. ಮಾಮೂಲಿ ಬೈಕನ್ನು ಒಮ್ಮೆ ವಾಲಿಸಿದರೆ ತಿರುವು ಮುಗಿಯುವವರೆಗೆ ಹಾಗೇ ಇರುತ್ತದೆ. ಇದನ್ನು ತಿರುವಿನ ಉದ್ದಕ್ಕೂ ಹ್ಯಾಂಡಲ್ ಒತ್ತಿಯೇ ಹಿಡಿದಿರಬೇಕು. ಬಿಟ್ಟರೆ ಎದ್ದು ನಿಲ್ಲುತ್ತದೆ!

ತಿರುವಿನಲ್ಲಿ ಇಂಥ ಬೈಕನ್ನು ಹಿಂದಿನಿಂದ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಟೈರಿನ ಒಂದು ಅಂಚು ನೆಲಕ್ಕೆ ಒತ್ತಿಕೊಂಡಿರುತ್ತದೆ, ಇನ್ನೊಂದು ಅಂಚಿನ ಕೆಳಗೆ ಬೆಳಕು ಕಾಣುತ್ತದೆ! ಟೈರಿನ ಪಕ್ಕದ ಗೋಡೆ ಬಾಗಿ ಬಳುಕಿ ಹೇಗೋ ಹಿಡಿತ ಕಾಪಾಡುತ್ತದೆ.

ಹಾಗೆ ಬಳುಕುವ ಗೋಡೆ ತೀರಾ ಮೆತ್ತಗಿದ್ದರೆ ಬೈಕು ತೂರಾಡುತ್ತದೆ. ಅದಕ್ಕೇ ಇವರಲ್ಲಿ ಬಹಳ ಮಂದಿಗೆ ‘ರನ್-ಫ್ಲಾಟ್’ ಟೈರೇ ಬೇಕು. ಪಂಕ್ಚರ್ ಆಗಿ ಗಾಳಿ ಪೂರ್ತಿ ಹೋದರೂ ಕಾರನ್ನು ಸುಮಾರು 80 ಕಿಲೋಮೀಟರ್ ದೂರ ಓಡಿಸಲೆಂದು ಗಟ್ಟಿ ಗೋಡೆ ಕಟ್ಟಿದ ಟೈರು ಅದು. ಕಾರಿನವರಿಗೆ ಪಂಕ್ಚರ್ ಚಿಂತೆ ನೀಗಲು ಮಾಡಿದ್ದು, ಬೈಕಿನವರಿಗೆ ತಿರುವು ದಾಟಲು ಸಿಕ್ಕಿತು!

ಇನ್ನೊಂದು ಕಾಟವೂ ಇದೆ. ರಸ್ತೆ ಎತ್ತ ಇಳಿಜಾರೋ ಚಪ್ಪಟೆ ಟೈರು ಅತ್ತ ಎಳೆಯುತ್ತದೆ. ಲಾರಿಗಳು ಕೊರೆದ ಗೆರೆ ಸಿಕ್ಕರಂತೂ ಅದರೊಳಗೇ ಓಡುತ್ತೇನೆಂದು ಹಟ. ನಮ್ಮ ರಾಜ್ಯ ಹೆದ್ದಾರಿಗಳ ಮೇಲೆ ಈ ಟೈರು ಏನೇನು ಆಟ ಆಡಬಹುದು, ಊಹಿಸಿ!

ಮಳೆಯಲ್ಲಿ? ಇಲ್ಲಿ ‘ನಾಸಾ’ ಬರುತ್ತದೆ! ಒದ್ದೆ ರನ್‌ವೇ ಮೇಲೆ ವಿಮಾನದ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗುವ ವೇಗ ಎಷ್ಟು ಎಂದು 1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ಪರೀಕ್ಷೆ ನಡೆಸಿದರು. ಸಿಕ್ಕ ಸೂತ್ರ ಎಷ್ಟು ಸರಳ ನೋಡಿ. ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿ, ವೇಗ ನಾಟ್ ಲೆಕ್ಕದಲ್ಲಿ ಸಿಗುತ್ತದೆ. 36 ಪೌಂಡ್ ಗಾಳಿ ಎಂದುಕೊಳ್ಳಿ. ವರ್ಗಮೂಲ 6. ಗುಣಿಸಿದರೆ 54 ನಾಟ್. ಅಂದರೆ ಗಂಟೆಗೆ ಸರಿಯಾಗಿ 100 ಕಿಲೋಮೀಟರ್!

ಗಾಳಿ ಕಡಿಮೆಯಾದಷ್ಟೂ ಬೇಗ ತೇಲುತ್ತದೆ. ಅಗಲ ಟೈರಿಗೆ ನೀರನ್ನು ಸೀಳಿಕೊಂಡು ಹೋಗುವುದೂ ಕಷ್ಟ. ಬೈಕಿನ ಗುಂಡು ಟೈರು ನೀರನ್ನು ಇಬ್ಬದಿಗೆ ತಳ್ಳಿ ನುಗ್ಗುತ್ತದೆ. ಹಾಗಾಗಿ ಅಗಲ ಜಾಸ್ತಿ, ಹಿಡಿತವೂ ಜಾಸ್ತಿ ಎಂದು ಯಾರಾದರೂ ಹೇಳಿದರೆ ಮಳೆಗಾಲದವರೆಗೆ ತಡೆಯಿರಿ ಅನ್ನಿ!

ಟೈರು ಕಂಪನಿಗಳು ಏನನ್ನುತ್ತವೆ? ಬೇಡವೇ ಬೇಡ! ಬೈಕಿನ ರಿಮ್ಮಿಗೂ ಕಾರಿನ ರಿಮ್ಮಿಗೂ ಟೈರಿನ ಅಂಚು ಕೂರುವ ಜಾಗದ ಆಕಾರವೇ ಬೇರೆ. ಇಂಚಿನ ಲೆಕ್ಕ ಒಂದೇ ಇದ್ದರೂ ಕೂರುವ ಬಗೆ ಬೇರೆ. ಬೈಕಿನ ಟೈರಿನ ಮೇಲೆ ‘ಎಂ/ಸಿ’ (ಮೋಟಾರ್‌ಸೈಕಲ್) ಎಂದು ಅಚ್ಚೊತ್ತಿರುವುದೇ ಅದಕ್ಕೆ. ಅಮೆರಿಕದಲ್ಲೂ ಎಷ್ಟೋ ಅಂಗಡಿಯವರು ಇಂಥ ಕೆಲಸಕ್ಕೆ ಕೈಮುಗಿದುಬಿಡುತ್ತಾರೆ. ಆಗ ಸವಾರರೇ ಮನೆಯ ಗ್ಯಾರೇಜಿನಲ್ಲಿ ಕೂತು ಟೈರು ಏರಿಸುತ್ತಾರೆ!

ನಮ್ಮ ಕಾನೂನು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೊದಲು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಮಾಡಿತು. ಹಾಗಂತ ನಿಮ್ಮ ಸ್ಪ್ಲೆಂಡರ್ ಬಗ್ಗೆ ಚಿಂತೆ ಬೇಡ. ಅದರ ರಿಮ್ಮು 18 ಇಂಚು, ಟೈರಿನ ಅಗಲ 80 ಮಿಲಿಮೀಟರ್. ಅದಕ್ಕೆ ಕೂರುವ ಕಾರ್ ಟೈರು ಹುಡುಕಿದರೂ ಸಿಗುವುದಿಲ್ಲ!

ಅಂದಹಾಗೆ, ಆಲ್ಟೊ 800ರ ಟೈರಿನ ಅಗಲ ಎಷ್ಟು? 145 ಮಿಲಿಮೀಟರ್. ಆ 2001ರ ಮಾದರಿಯ ಗೋಲ್ಡ್‌ವಿಂಗ್‌ನ ಹಿಂದಿನ ಟೈರು 180. ಬೈಕಿನ ಟೈರು ಕಾರಿನದಕ್ಕಿಂತ ಅಗಲ!

ಅದಕ್ಕೂ ಮೀರಿದ್ದು ಟ್ರಯಂಫ್ ರಾಕೆಟ್ 3. ಹಿಂದಿನ ಟೈರು 240 ಮಿಲಿಮೀಟರ್. ಇನ್ನೋವಾ ಕ್ರಿಸ್ಟಾದ ಟೈರಿಗಿಂತ ದಪ್ಪ! ಎಂಜಿನ್ 2458 ಸಿಸಿ. ಕ್ರಿಸ್ಟಾದ ಡೀಸೆಲ್ ಎಂಜಿನ್ 2393. ಇಡೀ ಕುಟುಂಬವನ್ನು ಧರ್ಮಸ್ಥಳಕ್ಕೆ ಕರೆದೊಯ್ಯುವ ಗಾಡಿಗಿಂತ ಇಬ್ಬರು ಕೂರುವ ಬೈಕಿನ ಎಂಜಿನ್ನೇ ದೊಡ್ಡದು! ಇದಕ್ಕೂ ಕಾರಿನ ಟೈರು ಹಾಕುವವರಿದ್ದಾರೆ.

ಹಿಂದೆ ಆಯಿತು, ಮುಂದೆ? ಅಲ್ಲೂ ಬಿಟ್ಟಿಲ್ಲ. ಮುಂದಿನ ಚಕ್ರಕ್ಕೆ ಬೈಕಿನ ಹಿಂದಿನ ಟೈರನ್ನು ಹಾಕುತ್ತಾರೆ, ಅದೂ ಉಲ್ಟಾ ತಿರುಗಿಸಿ! ಉಲ್ಟಾ ಯಾಕೆ? ಹಿಂದಿನ ಟೈರಿನ ಮೇಲೆ ಎಂಜಿನ್ ತಳ್ಳುವ ಬಲ ಜಾಸ್ತಿ, ಮುಂದಿನದರ ಮೇಲೆ ಬ್ರೇಕಿನ ಬಲ ಜಾಸ್ತಿ. ಎರಡರ ದಿಕ್ಕೂ ವಿರುದ್ಧ. ಹಿಂದೆ ಕಾರಿನದು, ಮುಂದೆ ಹಿಂದಿನದು. ಇದಕ್ಕೆ ‘ಡಬಲ್ ಡಾರ್ಕ್‌ಸೈಡ್’ ಎಂದೇ ಹೆಸರು!

ಇಷ್ಟೆಲ್ಲ ಬೈಗುಳ ತಿಂದ ಕಾರಿನ ಟೈರಿಗೆ ಬೈಕ್ ಲೋಕದಲ್ಲಿ ಮರ್ಯಾದೆ ಸಿಗುವ ಜಾಗವೂ ಒಂದಿದೆ. ಸೈಡ್‌ಕಾರ್! ‘ಶೋಲೆ’ಯಲ್ಲಿ ಜೈ, ವೀರು ಓಡಿಸುತ್ತಾರಲ್ಲ, ಅಂಥದ್ದು. ಪಕ್ಕಕ್ಕೆ ತೊಟ್ಟಿಲು ಕಟ್ಟಿದ ಮೇಲೆ ಬೈಕು ವಾಲುವ ಮಾತೇ ಇಲ್ಲ. ಗುಂಡು ಟೈರಿನ ನಡುವಿನ ಪಟ್ಟಿ ಮಾತ್ರ ಸವೆದುಹೋಗುತ್ತದೆ. ಚಪ್ಪಟೆ ಟೈರೇ ಸರಿ. ಸೈಡ್‌ಕಾರ್ ರೇಸಿನ ಟೈರುಗಳೂ ಚಪ್ಪಟೆಯೇ!

ಜರ್ಮನಿಯ ಸೈಡ್‌ಕಾರ್‌ಗಳಲ್ಲಿ ‘ಸ್ಮಾರ್ಟ್’ ಎಂಬ ಪುಟ್ಟ ಕಾರಿನ ಚಕ್ರವನ್ನು ಟೈರಿನ ಸಮೇತ ಕೂರಿಸಿಕೊಂಡವು ಎಷ್ಟೋ ಇವೆ. ಅಲ್ಲಿ ವಾಹನ ತಪಾಸಣೆ ಎಂದರೆ ಸಿಂಹಸ್ವಪ್ನ. ಅದನ್ನೂ ಪಾಸು ಮಾಡಿಕೊಂಡು, ದಾಖಲೆಯಲ್ಲಿ ಬರೆಸಿಕೊಂಡು ಓಡಾಡುತ್ತವೆ!

ಅಂಥವನ್ನು ನೋಡಬೇಕಾದರೆ ‘ಎಲಿಫಾಂಟನ್‌ಟ್ರೆಫನ್’ಗೆ ಹೋಗಬೇಕು. ಆನೆಗಳ ಸಮಾವೇಶ! ಜರ್ಮನಿಯ ಬವೇರಿಯಾ ಕಾಡಿನಲ್ಲಿ, ಕೊರೆಯುವ ಚಳಿಗಾಲದಲ್ಲಿ, ಹಿಮದ ಮೇಲೆ ಟೆಂಟು ಹಾಕಿಕೊಂಡು ಬೈಕಿನವರು ಸೇರುತ್ತಾರೆ. 1956ರಲ್ಲಿ ಶುರುವಾಗಿದ್ದು. ಅಲ್ಲಿ ಆನೆ ಒಂದೂ ಇಲ್ಲ. ‘ಹಸಿರು ಆನೆ’ ಎಂಬ ಅಡ್ಡಹೆಸರಿನ ಟ್ಸುಂಡಾಪ್ ಬೈಕ್‌ನಿಂದ ಆ ಹೆಸರು ಬಂತು, ಅಷ್ಟೇ.

ಕಾರ್ಖಾನೆಯಿಂದಲೇ ಚಪ್ಪಟೆ ಟೈರಿನೊಂದಿಗೆ ಬರುವ ಗಾಡಿಯೂ ಇದೆ. ಕೆನಡಾದ ‘ಕ್ಯಾನ್-ಆಮ್ ಸ್ಪೈಡರ್’. ಮುಂದೆ ಎರಡು ಚಕ್ರ, ಹಿಂದೆ ಒಂದು. ನಮ್ಮ ಆಟೋವನ್ನು ಹಿಂದುಮುಂದು ಮಾಡಿದ ಹಾಗೆ! ಹಿಂದಿನ ಟೈರು 225/50, 15 ಇಂಚು. ಅದು ಅಪ್ಪಟ ಕಾರಿನ ಅಳತೆ.

ಹಾಗೆ ನೋಡಿದರೆ ಕಾರಿಗೆ ಗಾಳಿ ಟೈರು ಕೊಟ್ಟಿದ್ದೇ ಸೈಕಲ್ಲು! 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ್ದು ಮಗನ ಮೂರು ಗಾಲಿಯ ಸೈಕಲ್ಲಿಗೆ. 1891ರಲ್ಲಿ ಮಿಶೆಲಿನ್ ಸಹೋದರರ ಕಳಚಬಹುದಾದ ಟೈರು ಹಾಕಿಕೊಂಡ ಶಾರ್ಲ್ ಟೆರೋಂ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಪಂದ್ಯ ಗೆದ್ದ. ಆಮೇಲೆ 1895ರಲ್ಲಿ ಅದೇ ಸಹೋದರರು ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಪಂದ್ಯದಲ್ಲಿ ಕಾರಿಗೆ ಗಾಳಿ ಟೈರು ಹಾಕಿ ಓಡಿಸಿದರು. ಪಂಕ್ಚರ್ ಮೇಲೆ ಪಂಕ್ಚರ್! ಎರಡು ಗಾಲಿಯವರಿಂದ ನಾಲ್ಕು ಗಾಲಿಯವರು ಕಡ ಪಡೆದಿದ್ದನ್ನು ಡಾರ್ಕ್‌ಸೈಡರ್‌ಗಳು ವಾಪಸ್ ಕೇಳುತ್ತಿದ್ದಾರೆ ಅನ್ನೋಣವೇ?

ಇದೂ ಗೊತ್ತಿರಲಿ. ಆಗಿನ ಟೈರು ಕಪ್ಪಗಿರಲಿಲ್ಲ, ಬೆಳ್ಳಗಿತ್ತು! ರಬ್ಬರಿನ ಸಹಜ ಬಣ್ಣ. ಬಾಳಿಕೆಗೆಂದು ಇಂಗಾಲದ ಪುಡಿ ಸೇರಿಸಿದ ಮೇಲೆ ಕಪ್ಪಾಯಿತು. ಮಿಶೆಲಿನ್ ಕಂಪನಿಯ ಟೈರು ಮನುಷ್ಯ ಇವತ್ತಿಗೂ ಬೆಳ್ಳಗಿರುವುದು ಅದಕ್ಕೇ.

ಬೈಕಿನ ಹಿಂಭಾಗವನ್ನು ಬದಲಿಸುವುದರಲ್ಲಿ ನಾವು ಭಾರತೀಯರು ಯಾರಿಗೇನು ಕಡಿಮೆ? ಗುಜರಾತಿನ ಸೌರಾಷ್ಟ್ರದಲ್ಲಿ ‘ಛಕಡಾ’ ಓಡುತ್ತದೆ. ಮುಂದಿನಿಂದ ನೋಡಿದರೆ ಎನ್‌ಫೀಲ್ಡ್ ಬುಲೆಟ್. ಹಿಂದೆ ಎರಡು ಚಕ್ರದ ಗಾಡಿ, ತುಂಬ ಜನ! ಅವರಿಗೆ ಬೇಕಾಗಿದ್ದು ಒಂದು ಟೈರಲ್ಲ, ಇಡೀ ಹಿಂಬದಿ.

ಅದೇ ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1990ರ ದಶಕದಲ್ಲಿ ಬರ ಬಂದು ಎತ್ತು ಸಾಕುವುದೇ ಕಷ್ಟವಾದಾಗ ಬುಲೆಟ್‌ನ ಹಿಂದಿನ ಚಕ್ರ ಕಿತ್ತು, ಎರಡು ಚಕ್ರದ ಅಚ್ಚು ಕೂರಿಸಿ, ನೇಗಿಲು ಕಟ್ಟಿಬಿಟ್ಟರು. ಹೆಸರು ‘ಬುಲೆಟ್ ಸಾಂತಿ’. ಅದಕ್ಕೆ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತು! ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲೂ ಬೈಕಿಗೆ ಎಡೆಕುಂಟೆ ಕಟ್ಟಿ ಸಾಲಿನ ನಡುವೆ ಕಳೆ ತೆಗೆಯುವ ರೈತರಿದ್ದಾರೆ.

ಮತ್ತೆ ದಪ್ಪ ಟೈರಿಗೇ ಬರೋಣ. ಯಮಾಹಾ ಟಿಡಬ್ಲ್ಯೂ 200 ಎಂಬ ಬೈಕ್ 1987ರಿಂದ ಇದೆ. ಎಂಜಿನ್ ಬರೀ 200 ಸಿಸಿ ಆಸುಪಾಸು, ಹಿಂದಿನ ಟೈರು ಮಾತ್ರ ಗೋಲ್ಡ್‌ವಿಂಗ್‌ನಷ್ಟೇ ಅಗಲ, 180! ಅದೂ ಸಾಲದು ಎಂದು ಅಮೆರಿಕದವರು ಅದಕ್ಕೆ ನಾಲ್ಕು ಚಕ್ರದ ಎಟಿವಿಯ ಟೈರು ಹಾಕಿ ಮರಳಿನಲ್ಲಿ ಓಡಿಸುತ್ತಾರೆ.

ಕೊನೆಗೆ ಇದೊಂದನ್ನು ಕೇಳಿ. ಅಮೆರಿಕದ ‘ರೋಕಾನ್’ ಬೈಕಿಗೆ ಟ್ರ್ಯಾಕ್ಟರಿನಂಥ ದಪ್ಪ ಟೈರು, ಎರಡೂ ಚಕ್ರಕ್ಕೆ ಎಂಜಿನ್ ಬಲ. ಚಕ್ರಗಳು ಒಳಗೆ ಪೊಳ್ಳು. ಮುಚ್ಚಳ ತೆಗೆದು ಒಂದೊಂದರಲ್ಲಿ ಒಂಬತ್ತು ಲೀಟರಿನಷ್ಟು ಪೆಟ್ರೋಲೋ ಕುಡಿಯುವ ನೀರೋ ತುಂಬಿಕೊಂಡು ಕಾಡಿಗೆ ಹೋಗಬಹುದು! ದಾರಿಯಲ್ಲಿ ಹೊಳೆ ಅಡ್ಡ ಬಂತೇ? ಚಕ್ರ ಖಾಲಿ ಇದ್ದರೆ ಬೈಕನ್ನು ನೀರಿನ ಮೇಲೆ ಮಗ್ಗುಲಾಗಿ ಮಲಗಿಸಿ ತಳ್ಳಿ. ಅದು ತೇಲುತ್ತದೆ!